ಹ್ಯಾಲೋವೀನ್ ಸಂಜೆ: ಮನೆಮನೆ ಸುತ್ತುವ ಮಕ್ಕಳಿಗೆ ಊರೇ ಕಂಡುಕೊಂಡ ಬದಲಿ ದಾರಿಗಳು

ಅಕ್ಟೋಬರ್ 31ರ ಸಂಜೆ ಆರು ಗಂಟೆ. ಅಮೆರಿಕದ ಯಾವುದೋ ಊರಿನ ಒಂದು ಬಡಾವಣೆ. ಮಗಳ ಬಾಣಂತನಕ್ಕೆಂದು ಕರ್ನಾಟಕದಿಂದ ಹೋದ ಅಜ್ಜಿಯೊಬ್ಬರು ಮನೆಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಕರೆಗಂಟೆ ಸದ್ದಾಗುತ್ತದೆ. ಬಾಗಿಲು ತೆರೆದರೆ ಎದುರಿಗೆ ಒಂದು ಪುಟ್ಟ ಅಸ್ಥಿಪಂಜರ, ಒಬ್ಬ ಕಡಲ್ಗಳ್ಳ, ರೆಕ್ಕೆ ಕಟ್ಟಿಕೊಂಡ ಒಂದು ಚಿಟ್ಟೆ! ಮೂವರ ಕೈಯಲ್ಲೂ ಚೀಲ. ಮೂವರೂ ಒಂದೇ ದನಿಯಲ್ಲಿ ಕೂಗುತ್ತಾರೆ: "ಟ್ರಿಕ್ ಆರ್ ಟ್ರೀಟ್!"

'ತಿಂಡಿ ಕೊಡಿ, ಇಲ್ಲವಾದರೆ ಕೀಟಲೆ ಸಹಿಸಿಕೊಳ್ಳಿ' ಎಂಬುದು ಈ ಕೂಗಿನ ತಾತ್ಪರ್ಯ. ನಮ್ಮ ಅಜ್ಜಿಗೆ ಇದು ಬಹಳ ಹೊತ್ತು ವಿಚಿತ್ರವೆನಿಸಲಾರದು. ಸಂಕ್ರಾಂತಿಯಂದು ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರಿದವರು, ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಓಣಿಯ ಮಕ್ಕಳ ಕೈಗೆ ಚರುಪು ಹಾಕಿದವರು ಅವರು. ಮಕ್ಕಳು ಬಾಗಿಲಿಗೆ ಬರುವುದು, ಹಿರಿಯರು ಏನಾದರೂ ಕೊಟ್ಟು ಕಳುಹಿಸುವುದು ಅವರಿಗೆ ಹೊಸತಲ್ಲ.

ಆದರೆ ಮಗಳ ಚಿಂತೆಯೇ ಬೇರೆ. ದೊಡ್ಡ ಮಗುವನ್ನು ಈ ಸಂಜೆ ಎಲ್ಲಿಗೆ ಕಳುಹಿಸಬೇಕು? ಚರ್ಚಿನ ವಾಹನ ನಿಲುಗಡೆಯ ಬಯಲಲ್ಲಿ ಕಾರುಗಳ ಡಿಕ್ಕಿಯಿಂದಲೇ ಮಿಠಾಯಿ ಹಂಚುತ್ತಾರಂತೆ. ಪಕ್ಕದ ಬೀದಿಯನ್ನು ಸಂಜೆ ವಾಹನಗಳಿಗೆ ಮುಚ್ಚುತ್ತಾರಂತೆ. ಎದುರು ಮನೆಯವರು ಕುಂಬಳಕಾಯಿಗೆ ನೀಲಿ-ಹಸಿರು ಬಣ್ಣ ಬಳಿದು ಇಟ್ಟಿದ್ದಾರೆ. ಇವೆಲ್ಲ ಏನು? ಯಾವುದು ಏತಕ್ಕೆ ಹುಟ್ಟಿತು? ಯಾವುದರಿಂದ ಮಕ್ಕಳಿಗೆ ನಿಜಕ್ಕೂ ಒಳಿತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನ ಇಲ್ಲಿದೆ.

ಮೊದಲ ಬದಲಿಯೇ ಮಿಠಾಯಿ!

ಹ್ಯಾಲೋವೀನ್ ಎಂದರೆ ನವೆಂಬರ್ 1ರ ಸಕಲ ಸಂತರ ದಿನದ ಹಿಂದಿನ ಸಂಜೆ. ಅದರ ಬೇರುಗಳನ್ನು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಹಳೆಯ ಸುಗ್ಗಿಯ ಹಬ್ಬ ಸಾವಿನ್‌ನಲ್ಲಿ ಗುರುತಿಸುವುದುಂಟು. ವೇಷ ತೊಟ್ಟು ಮನೆಮನೆಗೆ ಹೋಗಿ ಹಾಡಿ, ಹಣ್ಣು-ಕಾಯಿ ಪಡೆಯುವ ಪದ್ಧತಿ ಆ ನಾಡುಗಳಲ್ಲಿತ್ತು. 19ನೇ ಶತಮಾನದಲ್ಲಿ ಅಲ್ಲಿಂದ ವಲಸೆ ಹೋದವರೊಡನೆ ಹಬ್ಬವೂ ಅಟ್ಲಾಂಟಿಕ್ ಸಾಗರ ದಾಟಿತು. ಟರ್ನಿಪ್ ಗಡ್ಡೆ ಕೊರೆದು ಮಾಡುತ್ತಿದ್ದ ದೀಪದ ಜಾಗಕ್ಕೆ ಅಮೆರಿಕದಲ್ಲಿ ದಂಡಿಯಾಗಿ ಬೆಳೆಯುವ ಸಿಹಿಗುಂಬಳ ಬಂತು.

ಆದರೆ 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಪಟ್ಟಣಗಳಿಗೆ ಈ ರಾತ್ರಿ ಎಂದರೆ ತಲೆನೋವು. ಕಿಟಕಿ ಗಾಜಿಗೆ ಸಾಬೂನು ಬಳಿಯುವುದು, ಹಿತ್ತಲಿನ ಕಕ್ಕಸು ಮನೆಗಳನ್ನು ಉರುಳಿಸುವುದು, ಗೇಟು ಕಿತ್ತೊಯ್ಯುವುದು ಹುಡುಗರ ಕಾಯಕವಾಗಿತ್ತು. ನಮ್ಮಲ್ಲಿ ಕಾಮನ ಹಬ್ಬಕ್ಕೆ ಸೌದೆ, ಕುಳ್ಳು ಕದಿಯುವ ಹುಡುಗರ ಪಡೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಿನ್ನೆಸೋಟ ರಾಜ್ಯದ ಅನೋಕಾ ಎಂಬ ಪಟ್ಟಣದಲ್ಲಿ ಹ್ಯಾಲೋವೀನ್ ಮರುದಿನ ಬೆಳಗ್ಗೆ ಮುಖ್ಯ ಬೀದಿಯಲ್ಲಿ ಹಸುಗಳು ಅಡ್ಡಾಡುತ್ತಿದ್ದವು. ಹುಡುಗರು ರಾತ್ರಿ ಬಿಚ್ಚಿಬಿಟ್ಟಿದ್ದವು! ಬೇಸತ್ತ ಊರಿನ ಹಿರಿಯರು 1920ರಲ್ಲಿ ಒಂದು ಉಪಾಯ ಹೂಡಿದರು. ಹುಡುಗರನ್ನು ಬೈದು ಒಳಗೆ ಕೂರಿಸಲಿಲ್ಲ. ಊರೊಟ್ಟಿನ ಮೆರವಣಿಗೆ ಏರ್ಪಡಿಸಿ, ಭಾಗವಹಿಸಿದ ಮಕ್ಕಳಿಗೆಲ್ಲ ಪಾಪ್‌ಕಾರ್ನ್, ಕಡಲೆಕಾಯಿ, ಮಿಠಾಯಿ ಹಂಚಿದರು. ಕೀಟಲೆ ಇಳಿಯಿತು, ಮೆರವಣಿಗೆ ಉಳಿಯಿತು. 'ವಿಶ್ವದ ಹ್ಯಾಲೋವೀನ್ ರಾಜಧಾನಿ' ಎಂದು ಅನೋಕಾ ಇಂದಿಗೂ ತನ್ನನ್ನು ಕರೆದುಕೊಳ್ಳುತ್ತದೆ.

ಮನೆಮನೆಗೆ ಹೋಗಿ ಮಿಠಾಯಿ ಕೇಳುವ ರೂಢಿ ವ್ಯಾಪಕವಾದದ್ದು ಆ ಬಳಿಕ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸಕ್ಕರೆಗೆ ಪಡಿತರ ಬಂದಿತ್ತು. 1947ರಲ್ಲಿ ಅದು ತೆರವಾದ ಮೇಲೆ ಮಿಠಾಯಿ ಚೀಲ ತುಂಬತೊಡಗಿತು. ಅಂದರೆ ಇಂದು 'ಸಾಂಪ್ರದಾಯಿಕ' ಎನ್ನಿಸಿಕೊಳ್ಳುವ ಟ್ರಿಕ್ ಆರ್ ಟ್ರೀಟ್ ಕೂಡ ಒಂದು ಕಾಲಕ್ಕೆ ಹುಡುಗರ ಪುಂಡಾಟಕ್ಕೆ ಸಮಾಜ ಕಂಡುಕೊಂಡ ಬದಲಿ ದಾರಿಯೇ ಆಗಿತ್ತು. ಬದಲಿಗಳ ಬಗ್ಗೆ ಮೂಗು ಮುರಿಯುವ ಮುನ್ನ ಇದನ್ನು ನೆನಪಿಡುವುದು ಒಳ್ಳೆಯದು.

ವಿಷದ ಭಯ, ಅದರ ಬುಡ

1970ರ ದಶಕದಲ್ಲಿ ಹಬ್ಬಕ್ಕೆ ಹೊಸ ಭಯವೊಂದು ಅಂಟಿಕೊಂಡಿತು. ಸೇಬಿನೊಳಗೆ ಬ್ಲೇಡು, ಚಾಕೊಲೇಟಿನೊಳಗೆ ವಿಷ. ಗುರುತಿಲ್ಲದವರು ಮಕ್ಕಳನ್ನು ಕೊಲ್ಲಲು ಹೊಂಚುತ್ತಾರೆ ಎಂಬ ಮಾತು ಪತ್ರಿಕೆಗಳಲ್ಲೂ ಹರಿದಾಡಿತು. 1974ರಲ್ಲಿ ಟೆಕ್ಸಾಸ್‌ನಲ್ಲಿ ಎಂಟು ವರ್ಷದ ಬಾಲಕನೊಬ್ಬ ಸಯನೈಡ್ ಬೆರೆತ ಮಿಠಾಯಿ ತಿಂದು ಸತ್ತಾಗ ಭಯ ಖಚಿತವಾಯಿತು. ಆದರೆ ತನಿಖೆಯಲ್ಲಿ ಹೊರಬಿದ್ದದ್ದೇನು? ವಿಷ ಬೆರೆಸಿದವನು ಅಪರಿಚಿತನಲ್ಲ, ಹುಡುಗನ ಸ್ವಂತ ತಂದೆ! ವಿಮೆಯ ಹಣಕ್ಕಾಗಿ ನಡೆದ ಕೊಲೆ ಅದು. 1984ರಲ್ಲಿ ಆತನಿಗೆ ಮರಣದಂಡನೆಯಾಯಿತು.

1982ರಲ್ಲಿ ಷಿಕಾಗೊ ಸುತ್ತಮುತ್ತ ಟೈಲೆನಾಲ್ ಮಾತ್ರೆಗಳಿಗೆ ಯಾರೋ ಸಯನೈಡ್ ತುಂಬಿ ಏಳು ಜನ ಸತ್ತರು. ಹ್ಯಾಲೋವೀನ್‌ಗೆ ಕೆಲವೇ ವಾರ ಮೊದಲು ನಡೆದ ಈ ದುರಂತಕ್ಕೂ ಮಕ್ಕಳ ಮಿಠಾಯಿಗೂ ಸಂಬಂಧವಿರಲಿಲ್ಲ. ಆದರೂ ತಂದೆ-ತಾಯಂದಿರ ಎದೆ ನಡುಗಿತು. ಹಲವರು ಅಪರಿಚಿತರ ಬಾಗಿಲಿಗೆ ಮಕ್ಕಳನ್ನು ಕಳುಹಿಸಲು ಹಿಂಜರಿದರು.

ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದೀಚಿನ ಪತ್ರಿಕಾ ವರದಿಗಳನ್ನು ಜಾಲಾಡಿದ್ದಾರೆ. ಮನೆಮನೆ ಸುತ್ತುವಾಗ ಅಪರಿಚಿತರು ಕೊಟ್ಟ ವಿಷದ ತಿನಿಸಿನಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ದೃಢಪಟ್ಟ ಪ್ರಕರಣ ತಮಗೆ ಸಿಕ್ಕಿಲ್ಲ ಎಂಬುದು ಅವರ ನಿಲುವು. ಪಿನ್ನು-ಸೂಜಿಯ ವರದಿಗಳಲ್ಲಿ ಹೆಚ್ಚಿನವು ಮಕ್ಕಳೇ ಮಾಡಿದ ತಮಾಷೆಗಳು.

ನಿಜವಾದ ಅಪಾಯ ರಸ್ತೆಯಲ್ಲಿದೆ

ಹಾಗಾದರೆ ಆ ಸಂಜೆ ಅಪಾಯವೇ ಇಲ್ಲವೇ? ಇದೆ. ಅದು ಮಿಠಾಯಿ ಚೀಲದೊಳಗಿಲ್ಲ, ಕಾರಿನ ಚಕ್ರದಡಿಯಲ್ಲಿದೆ.

ಅಮೆರಿಕದ ವೈದ್ಯಕೀಯ ಸಂಘದ ಮಕ್ಕಳ ವೈದ್ಯಶಾಸ್ತ್ರದ ನಿಯತಕಾಲಿಕದಲ್ಲಿ 2019ರಲ್ಲಿ ಅಚ್ಚಾದ ಅಧ್ಯಯನವೊಂದು 1975ರಿಂದ 2016ರವರೆಗಿನ 42 ಹ್ಯಾಲೋವೀನ್ ಸಂಜೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಪ್ರತಿ ಹ್ಯಾಲೋವೀನ್ ಸಂಜೆ ವಾಹನ ಬಡಿದು ಸತ್ತ ಪಾದಚಾರಿಗಳ ಸಂಖ್ಯೆಯನ್ನು ಅದಕ್ಕೆ ಒಂದು ವಾರ ಹಿಂದಿನ ಮತ್ತು ಒಂದು ವಾರ ನಂತರದ ಅದೇ ವಾರದ ಸಂಜೆಗಳೊಡನೆ ಹೋಲಿಸಿತು. 42 ಹ್ಯಾಲೋವೀನ್ ಸಂಜೆಗಳಲ್ಲಿ ಸತ್ತವರು 608 ಮಂದಿ. ಹೋಲಿಕೆಗೆ ತೆಗೆದುಕೊಂಡ 84 ಸಾಮಾನ್ಯ ಸಂಜೆಗಳಲ್ಲಿ ಸತ್ತವರು 851 ಮಂದಿ. ಸಂಜೆಯೊಂದಕ್ಕೆ ಸರಾಸರಿ ಹಾಕಿದರೆ ಅಪಾಯ ಶೇ. 43ರಷ್ಟು ಹೆಚ್ಚು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಂತೂ ಅದು ಹತ್ತು ಪಟ್ಟು!

ಕಾರಣ ಊಹಿಸುವುದು ಕಷ್ಟವಲ್ಲ. ಕತ್ತಲು ಕವಿಯುವ ಹೊತ್ತು, ಕಪ್ಪು ಬಟ್ಟೆಯ ವೇಷ, ಕಣ್ಣಿಗೆ ಅಡ್ಡವಾಗುವ ಮುಖವಾಡ, ಉತ್ಸಾಹದಲ್ಲಿ ರಸ್ತೆ ದಾಟುವ ಪುಟ್ಟ ಕಾಲುಗಳು, ಕೆಲಸ ಮುಗಿಸಿ ಅವಸರದಲ್ಲಿ ಮನೆಗೆ ಮರಳುವ ವಾಹನಗಳು. 2007ರಿಂದ ಅಮೆರಿಕದಲ್ಲಿ ಬೇಸಿಗೆಯ ಗಡಿಯಾರದ ಅವಧಿಯನ್ನು ನವೆಂಬರ್ ಮೊದಲ ಭಾನುವಾರದವರೆಗೆ ವಿಸ್ತರಿಸಲಾಗಿದೆ. ಇದರಿಂದ ಹ್ಯಾಲೋವೀನ್ ಸಂಜೆಗೆ ಒಂದು ಗಂಟೆ ಹೆಚ್ಚು ಬೆಳಕು ದೊರೆಯುತ್ತದೆ. ಆದರೆ ಕತ್ತಲಾದ ಮೇಲೆಯೇ ಈ ಹಬ್ಬಕ್ಕೆ ರಂಗು ತಾನೆ?

ಆದುದರಿಂದ ಯಾವುದೇ ಬದಲಿ ವ್ಯವಸ್ಥೆಯನ್ನು ಅಳೆಯುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಅದು ಮಕ್ಕಳನ್ನು ನೆರೆಯವರಿಂದ ಕಾಪಾಡುತ್ತದೆಯೋ, ವಾಹನಗಳಿಂದ ಕಾಪಾಡುತ್ತದೆಯೋ?

ಡಿಕ್ಕಿಯಲ್ಲಿ ಹಬ್ಬ

ಇಂದು ಅತ್ಯಂತ ಜನಪ್ರಿಯವಾಗಿರುವ ಬದಲಿ 'ಟ್ರಂಕ್ ಆರ್ ಟ್ರೀಟ್'. 1990ರ ದಶಕದಲ್ಲಿ ಚರ್ಚುಗಳ ಅಂಗಳದಲ್ಲಿ ರೂಢಿಗೆ ಬಂದ ಈ ಪದ್ಧತಿ ಈಗ ಶಾಲೆ, ಗ್ರಂಥಾಲಯ, ಅಗ್ನಿಶಾಮಕ ಠಾಣೆಗಳವರೆಗೂ ಹಬ್ಬಿದೆ. ವಿಶಾಲವಾದ ನಿಲುಗಡೆ ಬಯಲಿನಲ್ಲಿ ಕಾರುಗಳು ಸಾಲಾಗಿ ನಿಲ್ಲುತ್ತವೆ. ಡಿಕ್ಕಿ ತೆರೆದು ಜೇಡರ ಬಲೆ, ದೀಪ, ಕುಂಬಳಕಾಯಿಗಳಿಂದ ಸಿಂಗರಿಸಿರುತ್ತಾರೆ. ಮಕ್ಕಳು ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ನಡೆದು ಮಿಠಾಯಿ ಪಡೆಯುತ್ತಾರೆ.

ಇದರ ಅನುಕೂಲಗಳು ಸ್ಪಷ್ಟ. ಚಲಿಸುವ ವಾಹನಗಳಿಲ್ಲ. ಗಾಲಿಕುರ್ಚಿಯಲ್ಲಿರುವ ಮಗುವಿಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಮನೆಗಳು ಮೈಲಿಗೊಂದರಂತಿರುವ ಹಳ್ಳಿಗಾಡಿನಲ್ಲಿ ಹಬ್ಬ ಮಾಡಲು ಬೇರೆ ದಾರಿಯೇ ಇಲ್ಲ. ಹೊಸದಾಗಿ ಬಂದ ವಲಸಿಗರಿಗೂ ಅಪರಿಚಿತ ಬಾಗಿಲು ತಟ್ಟುವ ಮುಜುಗರ ತಪ್ಪುತ್ತದೆ.

ಕೊರತೆಯೂ ಇದೆ. ಡಿಕ್ಕಿ ತೆರೆಯುವವರು ಬಹುಮಟ್ಟಿಗೆ ಒಂದೇ ಚರ್ಚಿನವರು, ಒಂದೇ ಶಾಲೆಯ ಪೋಷಕರು, ಅಂದರೆ ಮೊದಲೇ ಪರಿಚಿತರು. ಮೂರನೇ ಮನೆಯ ಒಂಟಿ ವೃದ್ಧರು ಮಿಠಾಯಿ ಬಟ್ಟಲು ಇಟ್ಟುಕೊಂಡು, ವರಾಂಡದ ದೀಪ ಹಚ್ಚಿ ಕಾಯುತ್ತಲೇ ಇರುತ್ತಾರೆ. 'ನಮ್ಮ ಮನೆಗೆ ಬನ್ನಿ' ಎಂಬುದಕ್ಕೆ ಅಲ್ಲಿ ಉರಿಯುವ ದೀಪವೇ ಸಂಕೇತ. ಮಕ್ಕಳೆಲ್ಲ ಬಯಲಿಗೆ ಹೋದರೆ ಆ ದೀಪಕ್ಕೆ ಅರ್ಥವಿಲ್ಲ.

ಬೀದಿಯನ್ನೇ ಮಕ್ಕಳಿಗೆ ಬಿಟ್ಟುಕೊಟ್ಟರೆ?

ಬಾಗಿಲನ್ನೂ ಉಳಿಸಿಕೊಂಡು ಅಪಾಯವನ್ನೂ ತಗ್ಗಿಸುವ ದಾರಿ ಎಂದರೆ ವಾಹನಗಳನ್ನು ತಡೆಯುವುದು. ನ್ಯೂಯಾರ್ಕ್ ನಗರಾಡಳಿತ 2022ರಲ್ಲಿ 'ಟ್ರಿಕ್ ಆರ್ ಸ್ಟ್ರೀಟ್ಸ್' ಎಂಬ ಹೆಸರಿನಲ್ಲಿ ಸುಮಾರು 100 ಕಡೆ ರಸ್ತೆಗಳನ್ನು ಹಬ್ಬಕ್ಕಾಗಿ ವಾಹನಮುಕ್ತಗೊಳಿಸಿತು. ಮಕ್ಕಳು ಎಂದಿನಂತೆ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಬಹುದು. ರಸ್ತೆಯ ನಡುವೆ ಕಾರಿನ ಬದಲು ಆಟ, ಸಂಗೀತ. ಇದಕ್ಕೆ ನಗರಾಡಳಿತದ ಅನುಮತಿ, ತಡೆಬೇಲಿ, ನಾಲ್ಕಾರು ಸ್ವಯಂಸೇವಕರು ಸಾಕು. ರಸ್ತೆಯ ಅಂಕಿ-ಅಂಶಗಳನ್ನು ಗಮನಿಸಿದರೆ ಎಲ್ಲ ಬದಲಿಗಳಲ್ಲಿ ಇದು ರೋಗದ ಮೂಲಕ್ಕೇ ಮದ್ದು ಕೊಡುವಂತಹದು.

ಅಯೋವಾ ರಾಜ್ಯದ ಡೆಮೋಯ್ನ್ ನಗರದ್ದು ಇನ್ನೊಂದು ಬಗೆ. ಪುಂಡಾಟದಿಂದ ರೋಸಿಹೋದ ಈ ನಗರ 1938ರ ನಂತರ ಹ್ಯಾಲೋವೀನ್‌ಗಿಂತ ಒಂದು ದಿನ ಮೊದಲು, ಅಕ್ಟೋಬರ್ 30ರಂದು, 'ಬೆಗರ್ಸ್ ನೈಟ್' ಆಚರಿಸುವ ರೂಢಿ ಬೆಳೆಸಿತು. ನಿಗದಿತ ಅವಧಿಯಲ್ಲಿ ಮಾತ್ರ ಮಕ್ಕಳು ಸುತ್ತಬೇಕು. ಇಲ್ಲಿ ಮಿಠಾಯಿ ಪುಕ್ಕಟೆ ಸಿಗುವುದಿಲ್ಲ. ಮಗು ಮೊದಲು ಒಂದು ನಗೆಹನಿ ಹೇಳಬೇಕು. ಅದು ಎಷ್ಟೇ ಹಳಸಲಾಗಿದ್ದರೂ ಮನೆಯವರು ನಗಬೇಕು! ಕೀಟಲೆಯ ಬೆದರಿಕೆಯ ಜಾಗಕ್ಕೆ ನಗು ಬಂದದ್ದರಿಂದ ಬಾಗಿಲಲ್ಲಿ ಎರಡು ಮಾತಾಡಲು ಕಾರಣವೂ ಸಿಕ್ಕಿತು. ಅಲ್ಲಿನ ಕನ್ನಡದ ಮಕ್ಕಳು ಒಂದು ಒಗಟು ಕಲಿತುಕೊಂಡು ಹೋದರೆ ಅಡ್ಡಿಯಿಲ್ಲ.

ನೀಲಿ-ಹಸಿರು ಕುಂಬಳಕಾಯಿ

ಎದುರು ಮನೆಯ ಬಣ್ಣದ ಕುಂಬಳಕಾಯಿಗೆ ಈಗ ಬರೋಣ. ಅಮೆರಿಕದಲ್ಲಿ ಸುಮಾರು 13 ಮಕ್ಕಳಲ್ಲಿ ಒಬ್ಬರಿಗೆ ಆಹಾರದ ಅಲರ್ಜಿ ಇದೆ ಎಂಬ ಅಂದಾಜಿದೆ. ಕಡಲೆಕಾಯಿ, ಹಾಲು, ಮೊಟ್ಟೆ, ಬಾದಾಮಿಯಂತಹ ಪದಾರ್ಥಗಳ ಒಂದು ತುಣುಕು ಕೆಲವು ಮಕ್ಕಳ ಪ್ರಾಣಕ್ಕೇ ಎರವಾಗಬಲ್ಲುದು. ಇಂತಹ ಮಗು ಮನೆಮನೆ ಸುತ್ತಿ ತಂದ ಚೀಲವನ್ನು ತಾಯಿ ಖಾಲಿ ಮಾಡುವುದನ್ನು ನೋಡುತ್ತ ನಿಲ್ಲಬೇಕು.

ಟೆನೆಸಿ ರಾಜ್ಯದ ಪೂರ್ವ ಭಾಗದ ಪೋಷಕರ ಗುಂಪೊಂದು ಇದಕ್ಕೊಂದು ಸರಳ ಉಪಾಯ ಕಂಡುಕೊಂಡಿತು. ಬಾಗಿಲ ಬಳಿ 'ಟೀಲ್' ಎಂಬ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇದ್ದರೆ ಆ ಮನೆಯಲ್ಲಿ ತಿನಿಸಲ್ಲದ ಉಡುಗೊರೆಯೂ ಉಂಟು ಎಂದು ಅರ್ಥ: ಪೆನ್ಸಿಲ್, ಚಿತ್ರದ ಚೀಟಿ, ಪುಟ್ಟ ಚೆಂಡು, ಹೊಳೆಯುವ ಬಳೆ. ಆಹಾರ ಅಲರ್ಜಿ ಕುರಿತು ಕೆಲಸ ಮಾಡುವ 'ಫೇರ್' ಸಂಸ್ಥೆ 2014ರಲ್ಲಿ ಇದನ್ನು ದೇಶವ್ಯಾಪಿಗೊಳಿಸಿತು. ಮಿಠಾಯಿ ನಿಲ್ಲಿಸಿ ಎಂದು ಇದು ಯಾರಿಗೂ ಹೇಳುವುದಿಲ್ಲ. ಇನ್ನೊಂದು ಬಟ್ಟಲು ಇಡಿ ಎನ್ನುತ್ತದೆ, ಅಷ್ಟೆ.

ಸಸ್ಯಾಹಾರಿ ಕನ್ನಡ ಕುಟುಂಬಗಳಿಗೂ ಇದು ನೆಮ್ಮದಿಯ ಬಾಗಿಲು. ಅಲ್ಲಿನ ಮೆತ್ತನೆಯ ಜೆಲ್ಲಿ ಮಿಠಾಯಿ, ಮಾರ್ಷ್‌ಮ್ಯಾಲೊಗಳಲ್ಲಿ ಅನೇಕವು ಪ್ರಾಣಿಗಳ ಚರ್ಮ-ಮೂಳೆಗಳಿಂದ ತೆಗೆದ ಜೆಲಟಿನ್ ಹೊಂದಿರುತ್ತವೆ. ಹೊದಿಕೆಯ ಮೇಲಿನ ಸಣ್ಣ ಅಕ್ಷರ ಓದುತ್ತ ಕೂರುವ ಅಮ್ಮಂದಿರಿಗೆ ಪೆನ್ಸಿಲ್ ಎಷ್ಟೋ ವಾಸಿ.

ಪಡೆಯುವುದಷ್ಟೇ ಅಲ್ಲ, ಕೊಡುವುದೂ

ಚೀಲದ ದಿಕ್ಕನ್ನೇ ತಿರುಗಿಸಿದ ಬದಲಿಯೊಂದಿದೆ. 1950ರಲ್ಲಿ ಫಿಲಡೆಲ್ಫಿಯಾದ ಆಲಿಸನ್ ದಂಪತಿಯ ಮನಸ್ಸಿನಲ್ಲಿ ಒಂದು ವಿಚಾರ ಹೊಳೆಯಿತು. ಮಕ್ಕಳು ಮಿಠಾಯಿಯ ಬದಲು ಚಿಲ್ಲರೆ ಕಾಸು ಕೇಳಿದರೆ ಯುದ್ಧದಿಂದ ನಲುಗಿದ ದೇಶಗಳ ಮಕ್ಕಳಿಗೆ ನೆರವಾಗಬಹುದಲ್ಲವೇ? ಹಾಲಿನ ರಟ್ಟಿನ ಡಬ್ಬಿಗಳಿಗೆ ಬಣ್ಣ ಬಳಿದು ಮಕ್ಕಳು ಹೊರಟರು. ಮೊದಲ ವರ್ಷ ಯುನಿಸೆಫ್‌ಗೆ ಸಂದದ್ದು ಕೇವಲ 17 ಡಾಲರ್. ಮುಂದೆ ಕಿತ್ತಳೆ ಬಣ್ಣದ ಆ ಡಬ್ಬಿ ಅಮೆರಿಕದ ಶಾಲೆಗಳ ಭಾಗವೇ ಆಯಿತು. ಅದರ ಮೂಲಕ ದಶಕಗಳಲ್ಲಿ ಸಂಗ್ರಹವಾದ ಹಣ ಕೋಟಿಗಟ್ಟಲೆ ಡಾಲರ್. 1967ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅಕ್ಟೋಬರ್ 31ನ್ನು ಯುನಿಸೆಫ್ ದಿನವೆಂದು ಸಾರಿದರು.

ಹಲ್ಲಿನ ವೈದ್ಯರೂ ಹಿಂದೆ ಬಿದ್ದಿಲ್ಲ. ಹಬ್ಬದ ಮರುದಿನಗಳಲ್ಲಿ ಮಕ್ಕಳ ಬಳಿ ಉಳಿದ ಮಿಠಾಯಿಯನ್ನು ತೂಕದ ಲೆಕ್ಕದಲ್ಲಿ ಕೊಂಡು, ದೂರದ ನೆಲೆಗಳಲ್ಲಿರುವ ಸೈನಿಕರಿಗೆ ಕಳುಹಿಸುವ ದಂತವೈದ್ಯರ ಚಿಕಿತ್ಸಾಲಯಗಳು ಅಲ್ಲಿ ಅನೇಕ. ವೇಷ ತೊಟ್ಟ ಮಕ್ಕಳನ್ನು ವೃದ್ಧಾಶ್ರಮಗಳಿಗೆ ಕರೆದೊಯ್ಯುವ ಶಾಲೆಗಳೂ ಇವೆ. ಬಾಗಿಲಿಗೆ ಬರಲಾರದವರ ಬಳಿಗೆ ಹಬ್ಬವೇ ಹೋಗುತ್ತದೆ.

2020ರ ಕೊರೊನಾ ಕಾಲದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಮನೆಮನೆ ಸುತ್ತುವುದನ್ನು ಹೆಚ್ಚು ಅಪಾಯದ ಚಟುವಟಿಕೆಗಳ ಪಟ್ಟಿಗೆ ಸೇರಿಸಿತು. ಜನ ಸುಮ್ಮನೆ ಕೂರಲಿಲ್ಲ. ಪೊಟ್ಟಣ ಕಟ್ಟಿ ಅಂಗಳದ ಅಂಚಿನಲ್ಲಿ ಸಾಲಾಗಿಟ್ಟರು. ಉದ್ದನೆಯ ಕೊಳವೆ ಕಟ್ಟಿ ಮೇಲಿನಿಂದ ಮಿಠಾಯಿ ಜಾರಿಸಿದರು. ಆರಡಿ ಅಂತರದಲ್ಲೇ ಕೈಬೀಸಿ ವೇಷ ಮೆಚ್ಚಿದರು.

ಬೆಂಕಿಯ ರಾತ್ರಿಯಿಂದ ಬೆಳಕಿನ ರಾತ್ರಿಗೆ

ಊರು ಒಗ್ಗೂಡಿದರೆ ಏನಾದೀತು ಎಂಬುದಕ್ಕೆ ಡೆಟ್ರಾಯಿಟ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆ ನಗರದಲ್ಲಿ ಅಕ್ಟೋಬರ್ 30 'ಡೆವಿಲ್ಸ್ ನೈಟ್' ಎಂದೇ ಕುಖ್ಯಾತವಾಗಿತ್ತು. ಸಣ್ಣ ಕೀಟಲೆಯಾಗಿ ಆರಂಭವಾದದ್ದು ಪಾಳುಮನೆಗಳಿಗೆ ಬೆಂಕಿ ಇಡುವವರೆಗೆ ಬೆಳೆಯಿತು. 1984ರಲ್ಲಿ ಹಬ್ಬದ ಆಸುಪಾಸಿನ ಮೂರು ದಿನಗಳಲ್ಲಿ 800ಕ್ಕೂ ಹೆಚ್ಚು ಬೆಂಕಿ ಪ್ರಕರಣಗಳು!

1990ರ ದಶಕದ ಮಧ್ಯಭಾಗದಲ್ಲಿ ಮೇಯರ್ ಡೆನಿಸ್ ಆರ್ಚರ್ ಅವರ ಕಾಲದಲ್ಲಿ ಅದಕ್ಕೆ 'ಏಂಜಲ್ಸ್ ನೈಟ್' ಎಂಬ ಹೊಸ ಹೆಸರು ಬಂತು. ಸಹಸ್ರಾರು ನಾಗರಿಕರು ಸ್ವಯಂಸೇವಕರಾಗಿ ತಮ್ಮ ಬೀದಿಗಳಲ್ಲಿ ರಾತ್ರಿ ಗಸ್ತು ತಿರುಗಿದರು, ವರಾಂಡದ ದೀಪಗಳನ್ನು ಹಚ್ಚಿಟ್ಟರು. ವರ್ಷದಿಂದ ವರ್ಷಕ್ಕೆ ಬೆಂಕಿ ಇಳಿಯಿತು. 2018ರಲ್ಲಿ ನಗರಾಡಳಿತ ಗಸ್ತಿನ ಬದಲಿಗೆ ಬಡಾವಣೆಗಳಲ್ಲಿ ಮಕ್ಕಳ ಹ್ಯಾಲೋವೀನ್ ಕೂಟಗಳಿಗೇ ಒತ್ತು ಕೊಟ್ಟಿತು. ಬಾಗಿಲು ಭದ್ರಪಡಿಸಿಕೊಂಡು ಒಳಗೆ ಕೂತವರಿಂದ ಈ ಬದಲಾವಣೆ ಬರಲಿಲ್ಲ. ಹೊರಗೆ ಬಂದವರಿಂದ ಬಂತು.

ಕಾನೂನಿನ ಬಲದಿಂದ ಹಬ್ಬವನ್ನು ಪಳಗಿಸಲು ಹೊರಟವರ ಅನುಭವ ಬೇರೆಯೇ. ವರ್ಜೀನಿಯಾ ರಾಜ್ಯದ ಚೆಸಪೀಕ್ ನಗರದಲ್ಲಿ 1970ರ ನಿಯಮವೊಂದರ ಪ್ರಕಾರ 12 ವರ್ಷ ಮೀರಿದವರು ಮಿಠಾಯಿ ಕೇಳಿಕೊಂಡು ಹೋದರೆ ಜೈಲು ಶಿಕ್ಷೆಗೂ ಅವಕಾಶವಿತ್ತು. ನಗೆಪಾಟಲಾದ ಮೇಲೆ 2019ರಲ್ಲಿ ಜೈಲಿನ ಮಾತು ತೆಗೆದುಹಾಕಿ ವಯೋಮಿತಿಯನ್ನು 14ಕ್ಕೆ ಏರಿಸಿದರು. ಮೀಸೆ ಚಿಗುರುವ ಹುಡುಗನಿಗೂ ಒಂದು ಚಾಕೊಲೇಟಿನ ಆಸೆ ಇರಬಾರದೇ? ಅವನಿಗೆ ಕೆಲಸ ಕೊಡುವುದು ಜಾಣತನ: ಚಿಕ್ಕವರನ್ನು ರಸ್ತೆ ದಾಟಿಸುವುದು, ಬಡವರಿಗಾಗಿ ಧಾನ್ಯ-ಡಬ್ಬಿ ಸಂಗ್ರಹಿಸುವುದು.

ಆಯ್ಕೆ ಹೇಗೆ?

ಈಗ ನಮ್ಮ ಅಜ್ಜಿಯ ಮಗಳ ಪ್ರಶ್ನೆಗೆ ಮರಳೋಣ. ಯಾವುದು ಸರಿ? ಎಲ್ಲ ಊರಿಗೂ ಒಂದೇ ಉತ್ತರವಿಲ್ಲ. ಆದರೆ ಗಮನಿಸಬೇಕಾದ ಅಂಶಗಳು ಇವು:

* ಪಾದಚಾರಿ ಮಾರ್ಗವಿಲ್ಲದ, ವಾಹನ ದಟ್ಟಣೆಯ ರಸ್ತೆಯಾದರೆ ನಿಲುಗಡೆ ಬಯಲಿನ ಕೂಟ ಅಥವಾ ಮುಚ್ಚಿದ ಬೀದಿಯೇ ಕ್ಷೇಮ.

* ಮನೆಮನೆಗೆ ಹೋಗುವುದಾದರೆ ವೇಷದ ಮೇಲೆ ಬೆಳಕು ಪ್ರತಿಫಲಿಸುವ ಪಟ್ಟಿ, ಕೈಯಲ್ಲಿ ಟಾರ್ಚ್ ಇರಲಿ. ಮುಖವಾಡಕ್ಕಿಂತ ಮುಖಕ್ಕೆ ಬಣ್ಣ ಮೇಲು. ಚಿಕ್ಕವರ ಜೊತೆ ಹಿರಿಯರೊಬ್ಬರು ಇರಲೇಬೇಕು.

* ಆ ಸಂಜೆ ಕಾರು ಓಡಿಸುವವರು ಬಡಾವಣೆಯೊಳಗೆ ನಡಿಗೆಯ ವೇಗಕ್ಕೆ ಇಳಿಯಲಿ. ಮಕ್ಕಳಿಗೆ ಹೇಳುವ ಬುದ್ಧಿವಾದದ ಅರ್ಧವನ್ನಾದರೂ ಚಾಲಕರಿಗೆ ಹೇಳಬೇಕು.

* ಮಾತಾಡದ, ಕಣ್ಣಿಗೆ ಕಣ್ಣಿಡದ ಮಗುವೊಂದು ಬಂದರೆ ಧನ್ಯವಾದಕ್ಕೆ ಒತ್ತಾಯ ಬೇಡ. ಆಟಿಸಂ ಇರುವ ಮಕ್ಕಳೂ ಚೀಲ ಹಿಡಿದು ಬರುತ್ತಾರೆ.

* ಮಿಠಾಯಿ ಬಟ್ಟಲಿನ ಪಕ್ಕ ಪೆನ್ಸಿಲ್‌ಗಳ ಬಟ್ಟಲೊಂದು ಇರಲಿ.

ಈಚಿನ ವರ್ಷಗಳಲ್ಲಿ ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲೂ ಹ್ಯಾಲೋವೀನ್ ವೇಷಗಳು ಕಾಣಿಸಿಕೊಂಡಿವೆ. ಇದು ಬೇಕೇ ಬೇಡವೇ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ಎಳ್ಳು ಬೀರಲು ಕೂಡ ಲಿಫ್ಟ್ ಹತ್ತಿ ಪರಿಚಿತರ ನಾಲ್ಕು ಮನೆಗೆ ಮಾತ್ರ ಹೋಗುವ ಕಾಲವಿದು. ಪಕ್ಕದ ಫ್ಲ್ಯಾಟಿನವರ ಹೆಸರು ಗೊತ್ತಿಲ್ಲದ ನಮಗೂ ಈ ಪ್ರಶ್ನೆ ಪರಕೀಯವಲ್ಲ.

ಒಂದು ಶತಮಾನದ ಅನುಭವ ಹೇಳುವುದಿಷ್ಟು. ನೆರೆಯವರನ್ನು ಶಂಕಿಸಿ ಹುಟ್ಟಿದ ಬದಲಿಗಳು ಮಕ್ಕಳನ್ನು ಗೋಡೆಯೊಳಗೆ ಕೂರಿಸಿದವು. ನೆರೆಯವರನ್ನು ನಂಬಿ ಹುಟ್ಟಿದವು ಬೀದಿಯನ್ನು ಹಸನುಗೊಳಿಸಿ, ಅಲರ್ಜಿಯ ಮಗುವಿಗೂ ಗಾಲಿಕುರ್ಚಿಯ ಮಗುವಿಗೂ ಜಾಗ ಮಾಡಿಕೊಟ್ಟವು. ಹೆದರಬೇಕಾದದ್ದು ರಸ್ತೆಯ ವೇಗಕ್ಕೆ. ಪಕ್ಕದ ಮನೆಯ ಬಾಗಿಲಿಗಲ್ಲ.

ಅಂದ ಹಾಗೆ, ಮಗಳು ಆ ಸಂಜೆ ಮಗುವನ್ನು ಮುಚ್ಚಿದ ಬೀದಿಗೆ ಕರೆದೊಯ್ಯಲಿ. ಅಜ್ಜಿ ವರಾಂಡದ ದೀಪ ಹಚ್ಚಿ ಬಾಗಿಲಲ್ಲಿ ಕೂರಲಿ. ಒಂದು ಬಟ್ಟಲಲ್ಲಿ ಚಾಕೊಲೇಟ್, ಇನ್ನೊಂದರಲ್ಲಿ ಬಣ್ಣದ ಪೆನ್ಸಿಲ್. ಮರುದಿನ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಹಿಂದಿನ ಸಂಜೆ ಬಂದ ಕಡಲ್ಗಳ್ಳ ಯಾರ ಮನೆಯ ಹುಡುಗನೆಂದು ಅಷ್ಟರೊಳಗೆ ಅವರಿಗೆ ಗೊತ್ತಾಗಿರುತ್ತದೆ.